ಈ ಮುಚ್ಚಳ ಎಲ್ಲಿಂದ ಬಂತು?

(ಚಿತ್ರಕಲೆ ಕಲಿಯುವ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಅಂದು ತೆರೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಹಾಗಾಗಿ ಅವನ್ನು ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಈ ಚಿತ್ರ ನೋಡಿ. ಗೋಡೆಗೆ ಇಳಿಬಿಟ್ಟ ದೊಡ್ಡ ಜರತಾರಿ ಬಟ್ಟೆಯ ಹಾಗೆ ಕಾಣುತ್ತದೆ, ಅಲ್ವಾ? ಬಂಗಾರದ ಬಣ್ಣ, ನಡುನಡುವೆ ಕೆಂಪು, ಕಪ್ಪು. ಅಲ್ಲಲ್ಲಿ ನೆರಿಗೆ ಬಿದ್ದಿದೆ. ಈಗ ಇದರದ್ದೇ ಒಂದು ಮೂಲೆಯನ್ನು ದೊಡ್ಡದು ಮಾಡಿ ತೋರಿಸುತ್ತೇನೆ. ಒಂದೆಳೆ ನೂಲೂ ಇಲ್ಲ. ಇರುವುದೆಲ್ಲ ಮದ್ಯದ ಬಾಟಲಿಯ ಅಲ್ಯೂಮಿನಿಯಂ ಮುಚ್ಚಳ, ಬಾಟಲಿಯ ಕತ್ತಿಗೆ ಸುತ್ತಿದ ತೆಳು ತಗಡು. ಅವನ್ನು ತಟ್ಟಿ, ಮಡಚಿ, ತೂತು ಮಾಡಿ, ತಾಮ್ರದ ತಂತಿಯಿಂದ ಒಂದಕ್ಕೊಂದು ಹೊಲಿದಿದ್ದಾರೆ. ಇದರ ಹೆಸರು 'ಮ್ಯಾನ್ಸ್ ಕ್ಲಾತ್', ಗಂಡಸಿನ ಬಟ್ಟೆ. ಮಾಡಿದವರು ಎಲ್ ಅನಾಟ್ಸುಯಿ. ಮುಗಿದದ್ದು 2001ರಲ್ಲಿ. ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಮೂಲೆಯ ಚಿತ್ರ ಬಂದ ಕೂಡಲೇ ಮುಂದಿನ ಸಾಲಿನಲ್ಲಿ ಯಾರೋ 'ಕಸದಿಂದ ರಸ' ಅಂದರು. ನನಗೆ ಕೇಳಿಸಿತು. ತಪ್ಪೇನಿಲ್ಲ. ಶಾಲೆಯ ದಿನಗಳಿಂದಲೂ ನಮ್ಮ ಕಿವಿಗೆ ಬಿದ್ದ ಮಾತು ಅದು. ಐಸ್‌ಕ್ರೀಮ್ ಕಡ್ಡಿಯಲ್ಲಿ ಮನೆ, ತೆಂಗಿನ ಚಿಪ್ಪಿನಲ್ಲಿ ಆಮೆ, ಹಳೆ ಬಳೆಯಲ್ಲಿ ತೋರಣ. ನಾನೂ ಮಾಡಿದ್ದೇನೆ. ಆದರೆ ಇವತ್ತು ಒಂದು ಗಂಟೆ ಆ ಮಾತನ್ನು ಪಕ್ಕಕ್ಕಿಡೋಣ. ಯಾಕೆಂದರೆ 'ಕಸ' ಅಂದ ತಕ್ಷಣ ಆ ವಸ್ತು ಎಲ್ಲಿಂದ ಬಂತು, ಯಾರ ಕೈ ದಾಟಿ ಬಂತು ಅಂತ ಕೇಳುವುದನ್ನು ನಿಲ್ಲಿಸಿಬಿಡುತ್ತೇವೆ. ನಾನು ಇವತ್ತು ಹೇಳಲಿರುವ ಆಫ್ರಿಕಾದ ಕಲಾವಿದರು ಆ ಪ್ರಶ್ನೆಯಿಂದಲೇ ಕೆಲಸ ಶುರು ಮಾಡುತ್ತಾರೆ.

ಅನಾಟ್ಸುಯಿ ಹುಟ್ಟಿದ್ದು 1944ರಲ್ಲಿ, ಘಾನಾದ ಅನ್ಯಾಕೊ ಎಂಬ ಊರಿನಲ್ಲಿ. ಆಗ ಆ ದೇಶ ಬ್ರಿಟಿಷರ ಕೈಯಲ್ಲಿತ್ತು. ಹೆಸರು ಗೋಲ್ಡ್ ಕೋಸ್ಟ್. ಅವರದು ಎವೆ ಜನಾಂಗ. ಮನೆಯಲ್ಲಿ ಕೆಂಟೆ ಬಟ್ಟೆ ನೇಯುವವರಿದ್ದರು. ಕೆಂಟೆ ಅಂದರೆ ಅಂಗೈಯಗಲದ ಪಟ್ಟಿಗಳನ್ನು ಬೇರೆ ಬೇರೆ ನೇಯ್ದು, ಆಮೇಲೆ ಅಂಚಿಗೆ ಅಂಚು ಸೇರಿಸಿ ಹೊಲಿಯುವ ಬಟ್ಟೆ. ಇದನ್ನು ನೆನಪಿಟ್ಟುಕೊಳ್ಳಿ. ಅದೇ ದೇಶದ ಕುಮಾಸಿ ಊರಿನಲ್ಲಿ ಕಲೆ ಓದಿದರು. ಪಾಠವೆಲ್ಲ ಯುರೋಪಿನದ್ದು. ಊರಿನ ಕಲೆ ಗೊತ್ತಾಗಬೇಕಾದರೆ ತಾವೇ ಹುಡುಕಿಕೊಂಡು ಹೋಗಬೇಕಿತ್ತು. ಓದು ಮುಗಿದ ಮೇಲೆ ಸಂತೆಗೆ ಹೋದರು. ಮಾರುವವರು ಸರಕು ಹರಡುವ ದುಂಡನೆಯ ಮರದ ತಟ್ಟೆಗಳನ್ನು ತಂದು, ಕಾದ ಕಬ್ಬಿಣದಿಂದ ಅದರ ಮೇಲೆ ಗುರುತುಗಳನ್ನು ಬರೆದರು. ಅವರ ಮೊದಲ ಮುಖ್ಯ ಕೃತಿಗಳು ಅವು.

1975ರಲ್ಲಿ ನೈಜೀರಿಯಾದ ನ್ಸುಕಾ ಊರಿನ ವಿಶ್ವವಿದ್ಯಾಲಯಕ್ಕೆ ಶಿಲ್ಪಕಲೆ ಕಲಿಸಲು ಹೋದರು. 2011ರವರೆಗೆ ಅಲ್ಲೇ ಕಲಿಸಿದರು. ಮೊದಲು ಮಣ್ಣು, ಒಡೆದ ಮಡಕೆ. ಅವರು ಒಂದು ವಿಷಯವನ್ನು ಮತ್ತೆ ಮತ್ತೆ ಹೇಳುತ್ತಾರೆ. ಮಡಕೆ ಒಡೆದರೆ ಅದರ ಬದುಕು ಮುಗಿಯುವುದಿಲ್ಲ, ಚೂರಿಗೆ ಇನ್ನೊಂದು ಕೆಲಸ ಸಿಗುತ್ತದೆ. ಪಕ್ಕದ ಮನೆಯಿಂದ ಕೆಂಡ ತರಲು ಚೂರು ಬೇಕು. ದೇವರಿಗೆ ಎಡೆ ಇಡಲು ಚೂರು ಬೇಕು. ನಮ್ಮ ಹಳ್ಳಿಯ ಅಜ್ಜಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಡಕೆಯ ಬೋಕಿಯಲ್ಲಿ ಕೆಂಡ ತಂದವರು ಅವರು.

ಆಮೇಲೆ ಮರ. ಯಂತ್ರದ ಗರಗಸದಿಂದ ಹಲಗೆಗಳನ್ನು ಸೀಳಿದರು. ಯುರೋಪಿನ ದೇಶಗಳು ಆಫ್ರಿಕಾದ ನಕ್ಷೆಯನ್ನು ಹಂಚಿಕೊಂಡ ರೀತಿ ಆ ಗರಗಸದ ಗುರುತಿನಲ್ಲಿ ಅವರಿಗೆ ಕಂಡಿತು. ಅಂದರೆ ಮುಚ್ಚಳಗಳಿಗೆ ಬರುವ ಹೊತ್ತಿಗೆ ಈ ಮನುಷ್ಯನಿಗೆ ಐವತ್ತು ದಾಟಿತ್ತು. ಮೂವತ್ತು ವರ್ಷ ಬೇರೆ ವಸ್ತುಗಳ ಜೊತೆ ಕೆಲಸ ಮಾಡಿ ಆಗಿತ್ತು. ನಿಮ್ಮ ವಯಸ್ಸಿನವರಿಗೆ ಇದನ್ನು ಒತ್ತಿ ಹೇಳಬೇಕು ಅನ್ನಿಸುತ್ತದೆ.

1998. ನ್ಸುಕಾ ಬಳಿ ರಸ್ತೆ ಪಕ್ಕ ಯಾರೋ ಎಸೆದ ಒಂದು ಚೀಲ ಸಿಕ್ಕಿತು. ಬಿಚ್ಚಿದರೆ ತುಂಬ ಮುಚ್ಚಳಗಳು. ಹೊತ್ತು ತಂದು ಸ್ಟುಡಿಯೋದಲ್ಲಿ ಇಟ್ಟರು. ತಿಂಗಳುಗಟ್ಟಲೆ ಹಾಗೇ ಬಿದ್ದಿತ್ತು. ಏನು ಮಾಡಬೇಕು ಅಂತ ಹೊಳೆದಿರಲಿಲ್ಲ. ಒಂದು ದಿನ ಕೆಲವನ್ನು ತಟ್ಟಿ ತಂತಿಯಿಂದ ಸೇರಿಸಿ ನೋಡಿದರು. ಕೈಯಲ್ಲಿ ಹಿಡಿದರೆ ಅದು ಬಟ್ಟೆಯ ಹಾಗೆ ಬಳುಕಿತು. ಬಣ್ಣಗಳೂ ಕೆಂಟೆಯವೇ. ಮನೆಯ ನೇಯ್ಗೆ ಸುತ್ತು ಹೊಡೆದು ಲೋಹದಲ್ಲಿ ಮರಳಿ ಬಂದಿತ್ತು.

ಆದರೆ ಅವರು ಅಲ್ಲಿಗೆ ನಿಲ್ಲಲಿಲ್ಲ. ಈ ಮುಚ್ಚಳ ಯಾವುದರದ್ದು? ಮದ್ಯದ್ದು. ಪಶ್ಚಿಮ ಆಫ್ರಿಕಾದ ದಡಕ್ಕೆ ಬಾಟಲಿಯ ಮದ್ಯ ಹೇಗೆ ಬಂತು? ಯುರೋಪಿನ ಹಡಗುಗಳಲ್ಲಿ ಬಂತು. ಜೊತೆಗೆ ಬಂದೂಕು, ಬಟ್ಟೆ. ಅದಕ್ಕೆ ಬದಲಾಗಿ ಹಡಗುಗಳು ತುಂಬಿಕೊಂಡು ಹೋದದ್ದು ಮನುಷ್ಯರನ್ನು. ಆ ಮನುಷ್ಯರು ಅಟ್ಲಾಂಟಿಕ್ ಸಾಗರದ ಆಚೆ ಕಬ್ಬಿನ ತೋಟಗಳಲ್ಲಿ ದುಡಿದರು. ಆ ಕಬ್ಬಿನ ಕಾಕಂಬಿಯಿಂದ ರಮ್ ಆಯಿತು. ಆ ರಮ್ ಮತ್ತೆ ಹಡಗು ಹತ್ತಿತು. ಮೂರು ಖಂಡಗಳನ್ನು ಸುತ್ತಿದ ಈ ದಾರಿಯ ಒಂದು ತುಣುಕು ಆ ಮುಚ್ಚಳ. ತಾಮ್ರದ ತಂತಿ ಪೋಣಿಸುವಾಗ ಆ ಖಂಡಗಳನ್ನೇ ಹೊಲಿಯುತ್ತಿದ್ದೇವೆ ಎಂಬ ಅರಿವು ಅವರಿಗಿದೆ.

'ಮರುಬಳಕೆ' ಎಂಬ ಮಾತು ಅನಾಟ್ಸುಯಿಗೆ ಒಪ್ಪಿಗೆಯಿಲ್ಲ. ಮುಚ್ಚಳ ಮತ್ತೆ ಯಾವ ಬಾಟಲಿಯ ಬಾಯಿಗೂ ಹೋಗುವುದಿಲ್ಲ, ಅದು ಬೇರೆಯೇ ಒಂದಾಗಿಬಿಡುತ್ತದೆ ಎಂಬುದು ಅವರ ವಾದ. ನನಗೆ ಇದಕ್ಕಿಂತಲೂ ಜಾಸ್ತಿ ಕಾಡಿದ್ದು ಅವರ ಇನ್ನೊಂದು ಮಾತು. ಜನ ಮುಟ್ಟಿ ಬಳಸಿದ ವಸ್ತುವಿನಲ್ಲಿ ಒಂದು ಶಕ್ತಿ ಉಳಿದಿರುತ್ತದೆ, ಅಂಗಡಿಯಿಂದ ತಂದ ಹೊಸ ವಸ್ತುವಿನಲ್ಲಿ ಅದು ಇರುವುದಿಲ್ಲ ಅನ್ನುತ್ತಾರೆ. ಸ್ವಲ್ಪ ಯೋಚಿಸಿ. ನಮ್ಮಲ್ಲಿ ಇನ್ನೊಬ್ಬರ ಬಾಯಿ ಮುಟ್ಟಿದ್ದಕ್ಕೆ 'ಎಂಜಲು' ಎಂಬ ಒಂದೇ ಪದ ಸಾಕು, ದೂರ ಸರಿಯುತ್ತೇವೆ. ಎಂಜಲನ್ನು ಎತ್ತುವ ಕೆಲಸವನ್ನು ಕೆಲವರಿಗೇ ಕಟ್ಟಿದ್ದೇವೆ. ಅವರನ್ನೂ ದೂರ ಇಟ್ಟಿದ್ದೇವೆ. ಇಲ್ಲೊಬ್ಬ ಕಲಾವಿದ ಸಾವಿರಾರು ಅಪರಿಚಿತರು ಕುಡಿದುಬಿಟ್ಟ ಬಾಟಲಿಯ ಮುಚ್ಚಳ ಹಿಡಿದು, ಇದರ ಬೆಲೆ ಇರುವುದೇ ಆ ಮುಟ್ಟುವಿಕೆಯಲ್ಲಿ ಅನ್ನುತ್ತಾನೆ. ನಾನು ಈ ಕಲೆಗೆ ಸೋತದ್ದು ಅಲ್ಲಿ.

ಕೆಲಸ ನಡೆಯುವ ರೀತಿ ಹೇಳುತ್ತೇನೆ. ನ್ಸುಕಾದ ಸ್ಟುಡಿಯೋದಲ್ಲಿ ಊರಿನ ಹುಡುಗರು ಸಾಲಾಗಿ ಕುಳಿತಿರುತ್ತಾರೆ. ಮುಚ್ಚಳವನ್ನು ಉದ್ದಕ್ಕೆ ಕತ್ತರಿಸಿದರೆ ಪಟ್ಟಿ. ತಲೆಯನ್ನು ಬಿಡಿಸಿದರೆ ಬಿಲ್ಲೆ. ಹಿಂಡಿದರೆ ಹೂವಿನ ಹಾಗೆ. ಒಬ್ಬೊಬ್ಬರೂ ಒಂದೊಂದು ತುಂಡು ಹೊಲಿಯುತ್ತಾರೆ. ಅನಾಟ್ಸುಯಿ ಆ ತುಂಡುಗಳನ್ನು ನೆಲದ ಮೇಲೆ ಹರಡಿ, ಸರಿಸಿ, ಮತ್ತೆ ಸರಿಸಿ, ಫೋಟೋ ತೆಗೆದು ನೋಡುತ್ತಾರೆ. ಒಪ್ಪಿಗೆಯಾದ ಮೇಲೆ ಜೋಡಣೆ. ಮುಗಿದ ಕೃತಿಯನ್ನು ಕಂಬಳಿಯ ಹಾಗೆ ಮಡಚಿ ಪೆಟ್ಟಿಗೆಯಲ್ಲಿಟ್ಟು ಕಳಿಸುತ್ತಾರೆ. ಹೀಗೇ ತೂಗುಹಾಕಿ ಅಂತ ಕಟ್ಟುಪಾಡಿಲ್ಲ. ಆಯಾ ಜಾಗದವರು ತಮಗೆ ತೋಚಿದಂತೆ ನೆರಿಗೆ ಹಾಕಬಹುದು. ಒಂದೇ ಕೃತಿ ಒಂದು ಊರಿನಲ್ಲಿ ಕಂಡಂತೆ ಇನ್ನೊಂದು ಊರಿನಲ್ಲಿ ಕಾಣುವುದಿಲ್ಲ. ಲೋಹದ ಶಿಲ್ಪಕ್ಕೆ ಬಟ್ಟೆಯ ಗುಣ ಬಂದಿದೆ ಅಂದರೆ ಇದೇ.

2007ರಲ್ಲಿ ವೆನಿಸ್‌ನ ಒಂದು ಹಳೆಯ ಅರಮನೆಯ ಮುಂಭಾಗಕ್ಕೇ ಇಂಥ ಹೊದಿಕೆ ಹೊದಿಸಿದರು. 2015ರಲ್ಲಿ ಅದೇ ಊರಿನ ದ್ವೈವಾರ್ಷಿಕ ಪ್ರದರ್ಶನ ಅವರಿಗೆ ಜೀವಮಾನ ಸಾಧನೆಯ ಚಿನ್ನದ ಸಿಂಹ ಕೊಟ್ಟಿತು. 2023ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯದ ಟರ್ಬೈನ್ ಹಾಲ್‌ನಲ್ಲಿ ಮೂರು ಬೃಹತ್ ತೆರೆಗಳನ್ನು ತೂಗಿಬಿಟ್ಟರು. ಮೊದಲನೆಯದು ಹಡಗಿನ ಹಾಯಿಯ ಹಾಗೆ ಉಬ್ಬಿತ್ತು. ಯಾವ ಹಡಗು ಅಂತ ನಿಮಗೆ ಈಗ ಗೊತ್ತು.

ಹಡಗಿನ ಮಾತು ಬಂದದ್ದರಿಂದ ಬೆನಿನ್ ದೇಶಕ್ಕೆ ಹೋಗೋಣ. ನೈಜೀರಿಯಾದ ಪಕ್ಕದ ಪುಟ್ಟ ದೇಶ. ಅಲ್ಲಿಯ ಪೋರ್ಟೊ ನೊವೊ ಊರಿನವರು ರೊಮುವಾಲ್ಡ್ ಹಜೂಮೆ. ಹುಟ್ಟಿದ್ದು 1962ರಲ್ಲಿ. ಇವರ ವಸ್ತು ಪ್ಲಾಸ್ಟಿಕ್ ಪೆಟ್ರೋಲ್ ಕ್ಯಾನ್. ಕ್ಯಾನಿನ ಮೇಲ್ಭಾಗವನ್ನು ಕತ್ತರಿಸಿ ನಿಲ್ಲಿಸಿದರೆ ಹಿಡಿ ಮೂಗಾಗುತ್ತದೆ, ಪೆಟ್ರೋಲ್ ಸುರಿಯುವ ತೂತು ತೆರೆದ ಬಾಯಾಗುತ್ತದೆ. ಇಷ್ಟು ಸಾಕು, ಮುಖವಾಡ ಸಿದ್ಧ. ನೋಡಿದವರು ನಗುತ್ತಾರೆ. ಮೊದಲ ಸಲ ನಾನೂ ನಕ್ಕೆ.

ಈ ಕ್ಯಾನುಗಳ ಕತೆ ಗೊತ್ತಾದ ಮೇಲೆ ನಗು ನಿಲ್ಲುತ್ತದೆ. ನೈಜೀರಿಯಾದಲ್ಲಿ ಪೆಟ್ರೋಲ್ ಅಗ್ಗವಾಗಿದ್ದ ಕಾಲ. ಗಡಿ ದಾಟಿಸಿ ಬೆನಿನ್‌ನಲ್ಲಿ ಮಾರಿದರೆ ನಾಲ್ಕು ಕಾಸು. ಆ ಕಳ್ಳ ಪೆಟ್ರೋಲಿಗೆ ಅಲ್ಲಿ 'ಕ್ಪಾಯೊ' ಅನ್ನುತ್ತಾರೆ. ಬೈಕಿನ ಮೇಲೆ ಹತ್ತಾರು ಕ್ಯಾನು ಕಟ್ಟಿಕೊಂಡು ಹುಡುಗರು ರಾತ್ರಿಯೆಲ್ಲ ಓಡಿಸುತ್ತಾರೆ. ಒಂದು ಕಿಡಿ ತಗುಲಿದರೆ ಮುಗಿಯಿತು. ಇನ್ನೂ ಒಂದಿದೆ. ಜಾಸ್ತಿ ಪೆಟ್ರೋಲ್ ಹಿಡಿಯಲಿ ಅಂತ ಕ್ಯಾನನ್ನು ಬೆಂಕಿಗೆ ಹಿಡಿದು ಉಬ್ಬಿಸುತ್ತಾರೆ. ಉಬ್ಬುತ್ತಾ ಉಬ್ಬುತ್ತಾ ಪ್ಲಾಸ್ಟಿಕ್ ತೆಳ್ಳಗಾಗುತ್ತದೆ. ಒಂದು ದಿನ ಒಡೆಯುತ್ತದೆ. ಒಡೆದದ್ದನ್ನು ಎಸೆದು ಇನ್ನೊಂದು ತರುತ್ತಾರೆ. ಹೊರುವವನ ಕತೆಯೂ ಅದೇ ಅಂತ ಹಜೂಮೆ ತೋರಿಸುತ್ತಾರೆ.

ಅವರ ದೊಡ್ಡ ಕೃತಿ 'ಲಾ ಬೂಶ್ ದ್ಯು ರುವಾ'. ಅರಸನ ಬಾಯಿ ಅಂತ ಅರ್ಥ. ಬೆನಿನ್ ಕರಾವಳಿಯಲ್ಲಿ ನದಿ ಸಮುದ್ರ ಸೇರುವ ಒಂದು ಜಾಗದ ಹೆಸರು ಅದು. ಗುಲಾಮರನ್ನು ಅಲ್ಲಿಂದ ಹಡಗಿಗೆ ಹತ್ತಿಸುತ್ತಿದ್ದರು. 1997ರಿಂದ 2005ರವರೆಗೆ ಇದರ ಕೆಲಸ ನಡೆಯಿತು. 304 ಕ್ಯಾನ್ ಮುಖವಾಡಗಳನ್ನು ನೆಲದ ಮೇಲೆ ಹಡಗಿನ ಆಕಾರದಲ್ಲಿ ಜೋಡಿಸಿದ್ದಾರೆ. ಬ್ರೂಕ್ಸ್ ಎಂಬ ಹಡಗಿನ ನಕ್ಷೆ ನೀವು ನೋಡಿರಬಹುದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಗುಲಾಮಗಿರಿ ವಿರೋಧಿಗಳು ಅದನ್ನು ಅಚ್ಚು ಹಾಕಿಸಿದರು. ಮನುಷ್ಯರನ್ನು ಸೌದೆಯ ಹಾಗೆ ಒತ್ತಾಗಿ ಮಲಗಿಸಿದ ಚಿತ್ರ. ಅದೇ ನಕ್ಷೆ ಇಲ್ಲಿ ಕ್ಯಾನುಗಳಲ್ಲಿದೆ. ಪಕ್ಕದಲ್ಲಿ ಮದ್ಯದ ಬಾಟಲಿ, ಕವಡೆ, ಮಣಿ, ಹೊಗೆಸೊಪ್ಪು. ಒಳಗಿನಿಂದ ದನಿಗಳು ಕೇಳುತ್ತವೆ. ವಾಸನೆಯೂ ಇದೆ. ಜೊತೆಗೆ ಪೆಟ್ರೋಲ್ ಹುಡುಗರು ಬೈಕ್ ಓಡಿಸುವ ಚಲನಚಿತ್ರ. ಗುಲಾಮರ ವ್ಯಾಪಾರವನ್ನು ಬ್ರಿಟನ್ ನಿಷೇಧಿಸಿ ಇನ್ನೂರು ವರ್ಷ ತುಂಬಿದ 2007ರಲ್ಲಿ ಬ್ರಿಟಿಷ್ ಮ್ಯೂಸಿಯಂ ಇದನ್ನು ಕೊಂಡಿತು.

ಹಜೂಮೆ ಬಿಳಿಯರನ್ನು ಮಾತ್ರ ದೂರುವುದಿಲ್ಲ. ಹಡಗಿನ ಹಿಂಭಾಗದಲ್ಲಿ ಎರಡು ಮುಖವಾಡ ಇಟ್ಟಿದ್ದಾರೆ. ಒಂದು ಹಳದಿ, ಒಂದು ಕಪ್ಪು. ಒಬ್ಬ ಯುರೋಪಿನ ಅರಸ, ಇನ್ನೊಬ್ಬ ಆಫ್ರಿಕಾದವ. ಕೊಂಡವನೂ ಇದ್ದಾನೆ, ಮಾರಿದವನೂ ಇದ್ದಾನೆ. ತನ್ನದೇ ಊರಿನ ಅರಸರ ಪಾಲನ್ನು ಹೀಗೆ ಎದುರಿಗಿಡಲು ಎದೆಗಾರಿಕೆ ಬೇಕು.

ಘಾನಾದಲ್ಲೂ ಇಂಥ ಕ್ಯಾನುಗಳಿವೆ, ಆದರೆ ಹಳದಿ ಬಣ್ಣದವು. ಅಡುಗೆ ಎಣ್ಣೆ ತುಂಬಿಕೊಂಡು ಹೊರದೇಶದಿಂದ ಬರುತ್ತವೆ. ಎಣ್ಣೆ ಖಾಲಿಯಾದ ಮೇಲೆ ನೀರಿಗೆ. ಜಾನ್ ಕುಫುವೊರ್ ಅಧ್ಯಕ್ಷರಾಗಿದ್ದ 2001ರಿಂದ 2009ರ ನಡುವೆ ನೀರಿಗೆ ತತ್ವಾರ ಬಂದು, ಎಲ್ಲೆಲ್ಲೂ ಇದೇ ಕ್ಯಾನಿನ ಸಾಲು. ಜನ 'ಕುಫುವೊರ್ ಗ್ಯಾಲನ್' ಅಂತಲೇ ಹೆಸರಿಟ್ಟರು. ಆಕ್ರಾದ ಸರ್ಜ್ ಅಟುಕ್ವೆ ಕ್ಲಾಟಿ ಇವನ್ನು ಚೌಕ ಚೌಕವಾಗಿ ಕತ್ತರಿಸಿ, ತಂತಿಯಿಂದ ಹೊಲಿದು, ತಮ್ಮ ಬಡಾವಣೆಯ ಓಣಿಗಳಿಗೇ ಹಾಸಿದರು. ನಲ್ಲಿಯ ಮುಂದೆ ಬಿಂದಿಗೆ ಇಟ್ಟು ಕಾದವರಿಗೆ ಆ ಹಳದಿ ಓಣಿಯ ಅರ್ಥ ಹೇಳಬೇಕಿಲ್ಲ.

ಮೊಜಾಂಬಿಕ್‌ನ ವಸ್ತು ಇನ್ನೂ ಕಠಿಣ. ಅಲ್ಲಿ 1977ರಿಂದ 1992ರವರೆಗೆ ಅಂತರ್ಯುದ್ಧ ನಡೆಯಿತು. ಯುದ್ಧ ಮುಗಿದರೂ ಬಂದೂಕುಗಳು ಉಳಿದವು. ಮನೆಯಲ್ಲಿ, ಹೊಲದಲ್ಲಿ ಹೂತು. 1995ರಲ್ಲಿ ಬಿಷಪ್ ದಿನಿಸ್ ಸೆಂಗುಲಾನೆ ಅವರ ಮುಂದಾಳತ್ವದಲ್ಲಿ ಒಂದು ಯೋಜನೆ ಶುರುವಾಯಿತು. ಬಂದೂಕು ತಂದು ಕೊಡಿ, ಗುದ್ದಲಿ, ಸೈಕಲ್, ಹೊಲಿಗೆ ಯಂತ್ರ ತೆಗೆದುಕೊಂಡು ಹೋಗಿ. ಬಂದ ಬಂದೂಕನ್ನು ಮತ್ತೆ ಸಿಡಿಯದಂತೆ ಕತ್ತರಿಸಿ ಕಲಾವಿದರಿಗೆ ಕೊಟ್ಟರು. ಕೆಸ್ಟರ್ ಎಂದು ಹೆಸರಾದ ಕ್ರಿಸ್ಟೊವಾವ್ ಕನ್ಯಾವಾಟೊ 2001ರಲ್ಲಿ ಅದರಿಂದ ಒಂದು ಕುರ್ಚಿ ಮಾಡಿದರು. 'ಆಯುಧಗಳ ಸಿಂಹಾಸನ'. ಒರಗುವ ಭಾಗಕ್ಕೆ ಎರಡು ಹಳೆಯ ರೈಫಲ್. ಅವುಗಳ ಹಿಡಿಯ ಮೇಲೆ ಎರಡು ಕಣ್ಣು, ಒಂದು ನಗುವ ಬಾಯಿ ಕಾಣುತ್ತದೆ. ಕೆಸ್ಟರ್ ಕೆತ್ತಿದ್ದಲ್ಲ. ಸ್ಕ್ರೂ ತೂತುಗಳೂ ಪಟ್ಟಿ ಕಟ್ಟಿದ ಜಾಗವೂ ಸೇರಿ ಹಾಗಾಗಿದೆ. ಆ ಕುರ್ಚಿಯ ಬಂದೂಕುಗಳಲ್ಲಿ ಒಂದೂ ಆಫ್ರಿಕಾದಲ್ಲಿ ತಯಾರಾದದ್ದಲ್ಲ. ಎಲ್ಲಾ ಹೊರಗಿನಿಂದ ಬಂದವು. ಇಲ್ಲೂ ಅದೇ ಪ್ರಶ್ನೆ ಕೇಳಬೇಕು.

ಈಗ ನಮ್ಮ ಮನೆಯ ವಸ್ತುವಿಗೆ ಬರೋಣ. ಗೋಣಿಚೀಲ. ಇಬ್ರಾಹಿಂ ಮಹಾಮಾ ಘಾನಾದ ಉತ್ತರದ ತಮಾಲೆಯವರು. 1987ರಲ್ಲಿ ಹುಟ್ಟಿದರು. 2015ರ ವೆನಿಸ್ ಪ್ರದರ್ಶನದಲ್ಲಿ ಉದ್ದನೆಯ ಹೊರಗೋಡೆಗಳಿಗೆ ಹಳೆ ಗೋಣಿಚೀಲ ಹೊಲಿದು ಹೊದಿಸಿದರು. ಜನ ಆ ಎರಡು ಗೋಣಿ ಗೋಡೆಗಳ ನಡುವೆ ನಡೆದು ಹೋಗಬೇಕಿತ್ತು. ಕಲೆ, ತೂತು, ತೇಪೆ, ಎಣ್ಣೆ ಜಿಡ್ಡು. ಯಾರೋ ವ್ಯಾಪಾರಿ ಬರೆದ ಹೆಸರು. ಬಣ್ಣ ಬಳಿದ ಚಂದದ ಕ್ಯಾನ್ವಾಸಿಗಿಂತ ಇದು ನನಗೆ ಹತ್ತಿರ ಅನ್ನಿಸುತ್ತದೆ.

ಘಾನಾ ಕೋಕೋ ಬೆಳೆಯುವ ದೇಶ. ನಾವು ತಿನ್ನುವ ಚಾಕೊಲೇಟಿನ ಮೂಲ ಈ ಕೋಕೋ. ಕೋಕೋ ಬೀಜ ತುಂಬಲು ಗೋಣಿಚೀಲ ಬೇಕು. ಜಗತ್ತಿನ ಸೆಣಬಿನ ಹೆಚ್ಚಿನ ಪಾಲು ಬೆಳೆಯುವುದು ಭಾರತ, ಬಾಂಗ್ಲಾದೇಶಗಳಲ್ಲಿ. ಚೀಲ ಈ ಕಡೆಯಿಂದ ಹಡಗಿನಲ್ಲಿ ಘಾನಾಕ್ಕೆ ಹೋಗುತ್ತದೆ. ಕೆಲವಂತೂ ಕೋಕೋ ಹೊತ್ತು ಯುರೋಪಿನ ಹಾದಿ ಹಿಡಿಯುತ್ತವೆ. ಉಳಿದವು ಊರಿನಲ್ಲೇ ಜೋಳಕ್ಕೆ, ಅಕ್ಕಿಗೆ, ಕೊನೆಗೆ ಇದ್ದಿಲಿಗೆ. ಇದ್ದಿಲು ಹೊತ್ತ ಚೀಲಕ್ಕೆ ಮುಂದೆ ಕೆಲಸವಿಲ್ಲ. ಮಹಾಮಾ ಆ ಹಂತದಲ್ಲಿ ಸಂತೆಗೆ ಹೋಗಿ, ಹೊಸ ಚೀಲ ಕೊಟ್ಟು ಹಳೆಯದು ತೆಗೆದುಕೊಳ್ಳುತ್ತಾರೆ. ವ್ಯಾಪಾರಿಗಳಿಗೆ ಮೊದಮೊದಲು ಇದು ಅರ್ಥವಾಗದ ವ್ಯವಹಾರವೇ ಇರಬೇಕು. ಇಂಗ್ಲಿಷಿನವರು ಈ ಚೀಲಕ್ಕೆ 'ಗನ್ನಿ' ಅನ್ನುತ್ತಾರಲ್ಲ, ಆ ಪದ ಹುಟ್ಟಿದ್ದು ನಮ್ಮ ಕಡೆಯ 'ಗೋಣಿ'ಯಿಂದ. ವಸ್ತುವಿನ ಜೊತೆ ಮಾತೂ ಹಡಗು ಹತ್ತಿತ್ತು.

ಕೃತಿ ಮಾರಿದ ಹಣವನ್ನು ಮಹಾಮಾ ತಮಾಲೆಗೆ ತಂದರು. 2019ರಲ್ಲಿ ಅಲ್ಲೊಂದು ಕಲಾ ಕೇಂದ್ರ ತೆರೆದರು. ಹತ್ತಿರದಲ್ಲೇ ಇನ್ನೊಂದು ದೊಡ್ಡ ಸ್ಟುಡಿಯೋ ಕಟ್ಟಿ, ಹಾರಾಟ ನಿಲ್ಲಿಸಿದ ಹಳೆ ವಿಮಾನಗಳನ್ನು ಕೊಂಡು ತಂದು ನಿಲ್ಲಿಸಿದರು. ಮಕ್ಕಳು ಅವುಗಳೊಳಗೆ ಕೂತು ಪಾಠ ಕೇಳುತ್ತಾರೆ. ಆಫ್ರಿಕಾದ ಕೃತಿಗಳೆಲ್ಲ ಲಂಡನ್, ನ್ಯೂಯಾರ್ಕ್ ಸೇರಿದರೆ ಊರಿನವರಿಗೆ ಏನು ಸಿಕ್ಕಿತು ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ನಾನೇ ಇವತ್ತು ಬ್ರಿಟಿಷ್ ಮ್ಯೂಸಿಯಂ ಹೆಸರನ್ನು ಎಷ್ಟು ಸಲ ಹೇಳಿದೆ ನೋಡಿ. ಮಹಾಮಾ ಕೊಟ್ಟ ಉತ್ತರ ಆ ವಿಮಾನಗಳು.

ಹೇಳಬೇಕಾದವರು ಇನ್ನೂ ಇದ್ದಾರೆ. ಜಿಂಬಾಬ್ವೆಯ ಹರಾರೆ ಊರಿನ ಮಾಫಟ್ ತಕದಿವಾ ಕಂಪ್ಯೂಟರ್ ಕೀಬೋರ್ಡಿನ ಗುಂಡಿಗಳನ್ನು ಪೋಣಿಸುತ್ತಾರೆ. ಕೆನ್ಯಾದ ನೈರೋಬಿಯ ಸೈರಸ್ ಕಬಿರು ತಂತಿ, ತಗಡಿನಲ್ಲಿ ಕನ್ನಡಕ ಮಾಡುತ್ತಾರೆ. ಸಮಯ ಸಾಲದು. ನೀವೇ ಹುಡುಕಿ ನೋಡಿ.

ಮಾತು ಮುಗಿಸುವ ಹೊತ್ತಿಗೆ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದರು: "ಅಷ್ಟೂ ಮುಚ್ಚಳಗಳನ್ನು ಹೊಲಿದ ಹುಡುಗರ ಹೆಸರು ಎಲ್ಲಿದೆ?" ಗೋಡೆಯ ಚೀಟಿಯಲ್ಲಿ ಒಂದೇ ಹೆಸರು ಇರುತ್ತದೆ. ಅನಾಟ್ಸುಯಿ ಆ ಹುಡುಗರನ್ನು ಎಂದೂ ಮುಚ್ಚಿಟ್ಟಿಲ್ಲ. ಒಬ್ಬೊಬ್ಬರ ಕೈಯ ಹೊಲಿಗೆಯೂ ಬೇರೆ, ಕೃತಿಗೆ ಆ ವ್ಯತ್ಯಾಸ ಬೇಕು ಅನ್ನುತ್ತಾರೆ. ಆದರೂ ಆಕೆಯ ಪ್ರಶ್ನೆ ಹಾಗೇ ಉಳಿಯುತ್ತದೆ. ಅದಕ್ಕೆ ಸಮಾಧಾನ ಹೇಳಿ ಕೂರಿಸಲು ನನಗೆ ಮನಸ್ಸಾಗಲಿಲ್ಲ. ಅದರ ಬದಲು ಮೇಜಿನ ಮೇಲೆ ಇಟ್ಟಿದ್ದ ಗಂಟು ಬಿಚ್ಚಿದೆ.

ಅದರಲ್ಲಿದ್ದದ್ದು ಒಂದು ಕೌದಿ. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಗಳೊಬ್ಬರು ಹೊಲಿದದ್ದು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿಗಳು ಇದ್ದಾರೆ ಅಂತ ನಿಮಗೆ ಗೊತ್ತು. ಅವರ ಹಿರಿಯರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಹೌದು, ಹಡಗು ಈ ದಿಕ್ಕಿಗೂ ಬಂದಿತ್ತು. ಕೌದಿ ಆಫ್ರಿಕಾದಿಂದಲೇ ಬಂತು ಅಂತ ನಾನು ಹೇಳುವುದಿಲ್ಲ. ಉತ್ತರ ಕರ್ನಾಟಕದ ಮನೆಮನೆಯಲ್ಲೂ ಕೌದಿ ಹೊಲಿಯುತ್ತಾರೆ. ಆದರೆ ಸಿದ್ದಿಗಳ ಕೌದಿ ನೋಡಿದರೆ ಗುರುತು ಸಿಗುತ್ತದೆ. ಅಂಚಿನಿಂದ ಶುರು ಮಾಡಿ ಸುತ್ತು ಬರುತ್ತಾ ಒಳಕ್ಕೆ ಹೋಗುತ್ತಾರೆ. ಬಣ್ಣಗಳನ್ನು ಎದುರುಬದುರು ಇಡುತ್ತಾರೆ. ನಾಲ್ಕೂ ಮೂಲೆಗೆ ಬಟ್ಟೆಯನ್ನು ಮುಕ್ಕೋನವಾಗಿ ಮಡಚಿ ಹೊಲಿಯುತ್ತಾರೆ. ಅದಕ್ಕೆ 'ಫೂಲ' ಅನ್ನುತ್ತಾರೆ. ಹೂವು. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಅನ್ನುತ್ತಾರೆ. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, ಅಮೆರಿಕದ ಕಪ್ಪು ಜನರ ಇತಿಹಾಸ ಕಾಪಾಡುವ ಷೋಂಬರ್ಗ್ ಕೇಂದ್ರದಲ್ಲಿ ಇಂಥ ಕೌದಿಗಳ ಪ್ರದರ್ಶನ ನಡೆಯಿತು.

ಆ ಪ್ರಶ್ನೆ ಕೇಳಿದ ವಿದ್ಯಾರ್ಥಿನಿಯನ್ನೇ ಮುಂದಕ್ಕೆ ಕರೆದೆ. ಕೌದಿಯ ಒಂದು ತುದಿ ಅವರು ಹಿಡಿದರು, ಇನ್ನೊಂದು ನಾನು. ಸೀರೆಯ ಅಂಚು, ಶಾಲೆಯ ಸಮವಸ್ತ್ರದ ನೀಲಿ, ಯಾರದ್ದೋ ಅಂಗಿಯ ಜೇಬು, ಮಗುವಿನ ಲಂಗದ ಚೂರು. ಯಾರದ್ದು ಯಾವುದು ಅಂತ ಹೊಲಿದ ಆಕೆಗೆ ಗೊತ್ತಿತ್ತು. ಮಕ್ಕಳೆಲ್ಲ ಎದ್ದು ಬಂದು ಸುತ್ತ ನಿಂತರು. ಒಬ್ಬೊಬ್ಬರಾಗಿ ಮೂಲೆಯ ಹೂವನ್ನು ಮುಟ್ಟಿ ನೋಡಿದರು.